ಕಾಣದ ಕೆಲಸಕ್ಕೆ ಕಾಣುವ ಲೆಕ್ಕ

ಬೋವಿಕಾನ: ಕೊಚ್ಚಿಯಿಂದ ಮಂಗಳೂರಿಗೆ ನೈಸರ್ಗಿಕ ಅನಿಲವನ್ನು ಒಯ್ಯುವ ಕೊಳವೆಯು ನಮ್ಮ ಕಾಸರಗೋಡು ಜಿಲ್ಲೆಯ ಮುರಕಲ್ಲಿನ ಗುಡ್ಡಗಳನ್ನೂ ತೋಟಗಳ ಅಂಚನ್ನೂ ಹೊಳೆಗಳ ತಳವನ್ನೂ ಹಾದು, 2021ನೆಯ ಇಸವಿಯ ಜನವರಿ 5ರಂದು ವಿಧ್ಯುಕ್ತವಾಗಿ ದೇಶಕ್ಕೆ ಸಮರ್ಪಿತವಾದುದು ಓದುಗರ ನೆನಪಿನಲ್ಲಿರಬಹುದು. ಸುಮಾರು 450 ಕಿಲೋಮೀಟರ್ ಉದ್ದದ ಆ ಮಾರ್ಗಕ್ಕಾಗಿ ಭೂಮಿಯ ಹಕ್ಕು, ಪರಿಹಾರದ ಮೊತ್ತ, ಮನೆಗೂ ಕೊಳವೆಗೂ ಇರಬೇಕಾದ ಅಂತರ, ಇವುಗಳ ಕುರಿತು ಕೇರಳದ ಉತ್ತರ ಜಿಲ್ಲೆಗಳಲ್ಲೆಲ್ಲ ವರ್ಷಾನುವರ್ಷ ವಾಗ್ವಾದ ನಡೆಯಿತು. 2017ರಲ್ಲಿ ಕೋಝಿಕ್ಕೋಡು ಜಿಲ್ಲೆಯ ಮುಕ್ಕಂ ಬಳಿ ಅದು ಸಂಘರ್ಷದ ರೂಪವನ್ನೂ ತಾಳಿತು. ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊಳವೆಯನ್ನು ಹಾಯಿಸುವ ಕಷ್ಟದ ಕಾರ್ಯವು ಕಟ್ಟಕಡೆಯವರೆಗೆ ಉಳಿದು ಎಲ್ಲರ ಸಹನೆಯನ್ನೂ ಪರೀಕ್ಷಿಸಿತು. ಆದರೆ ಆ ಕೊಳವೆಗೆ ಅನಿಲವನ್ನು ಊಡುವ ಮೂಲಸ್ಥಾನ ಯಾವುದು, ಅದನ್ನು ಯಾವ ಕ್ರಮದಿಂದ ಕಟ್ಟುತ್ತಾರೆ, ಅದರ ದೃಢತೆಗೆ ಆಧಾರವೇನು ಎಂಬ ವಿಚಾರವು ಈ ವಾದಪ್ರತಿವಾದಗಳ ನಡುವೆ ಸಾವಧಾನವಾಗಿ ಚರ್ಚೆಗೆ ಬಂದುದನ್ನು ನಾನರಿಯೆ. ಕೊಳವೆಯು ನಮ್ಮ ಅಂಗಳದ ವಿಷಯವಾಗಿತ್ತು, ಆದುದರಿಂದ ನಾವು ಕೇಳಿದೆವು. ಆ ಮೂಲಸ್ಥಾನದಲ್ಲಿ ಅನಿಲವನ್ನು ಶೇಖರಿಸುವ ಟಾಂಕಿಯು ದೂರದ ವಿಷಯವಾಗಿತ್ತು, ಆದುದರಿಂದ ನಾವು ಕೇಳಲಿಲ್ಲ. ಈ ಉದಾಸೀನವು ಸಲ್ಲದೆಂದೂ, ಇಂಥ ಟಾಂಕಿಗಳನ್ನು ಕಟ್ಟುವ ಕ್ರಮದಲ್ಲಿಯೇ ಸಾರ್ವಜನಿಕರು ಕೇಳಬೇಕಾದ ಒಂದು ಪ್ರಶ್ನೆ ಅಡಗಿದೆಯೆಂದೂ ತೋರಿಸುವುದು ಈ ಬರಹದ ಉದ್ದೇಶ.

ಆ ಮೂಲಸ್ಥಾನವು ಎರ್ನಾಕುಳಂ ಜಿಲ್ಲೆಯ ವೈಪಿನ್ ದ್ವೀಪದ ತೆಂಕಣ ತುದಿಯ ಪುದುವೈಪ್ ಎಂಬಲ್ಲಿದೆ. ಪೆಟ್ರೋನೆಟ್ ಎಲ್‌ಎನ್‌ಜಿ ಸಂಸ್ಥೆಯು 2013ರಲ್ಲಿ ಅಲ್ಲಿ ಆರಂಭಿಸಿದ, ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ ನಿಲ್ದಾಣದಲ್ಲಿ, ಹಡಗುಗಳಲ್ಲಿ ಬಂದಿಳಿಯುವ ದ್ರವೀಕೃತ ಅನಿಲವನ್ನು ಎರಡು ಮಹಾಗಾತ್ರದ ಟಾಂಕಿಗಳಲ್ಲಿ ಶೇಖರಿಸಿ, ಬೇಕಾದಾಗ ಪುನಃ ಅನಿಲವನ್ನಾಗಿ ಮಾರ್ಪಡಿಸಿ ಕೊಳವೆಗೆ ಬಿಡುತ್ತಾರೆ. ಕೊಳವೆಯು ಸಿದ್ಧವಾಗದಿದ್ದ ಮೊದಲ ವರ್ಷಗಳಲ್ಲಿ ಆ ನಿಲ್ದಾಣವು ತನ್ನ ಸಾಮರ್ಥ್ಯದ ಅತ್ಯಲ್ಪ ಭಾಗವನ್ನಷ್ಟೆ ಬಳಸುತ್ತ ಬಹುಮಟ್ಟಿಗೆ ನಿಷ್ಕ್ರಿಯವಾಗಿಯೇ ಉಳಿದಿತ್ತು. ಕೊಳವೆ ಬಂದ ಬಳಿಕ ಪಣಂಬೂರಿನ ರಸಗೊಬ್ಬರದ ಕಾರ್ಖಾನೆಯು ನಾಫ್ತಾವನ್ನು ಬಿಟ್ಟು ಈ ಅನಿಲದಿಂದಲೇ ಯೂರಿಯಾ ತಯಾರಿಸತೊಡಗಿತು. ಅಂದರೆ ನಮ್ಮ ಅಡಕೆ ತೋಟಕ್ಕೆ ಬೀಳುವ ಗೊಬ್ಬರದ ಒಂದು ಮೂಲವು ಇಂದು ಪುದುವೈಪಿನ ಕಾಂಕ್ರೀಟು ಗೋಡೆಯ ಹಿಂದಿದೆ. ಇದನ್ನು ನಾನು ಹರ್ಷದಿಂದಲೇ ಹೇಳುತ್ತಿದ್ದೇನೆ. ಕಲ್ಲಿದ್ದಲಿಗಿಂತಲೂ ನಾಫ್ತಾಕ್ಕಿಂತಲೂ ಶುಭ್ರವಾಗಿ ಉರಿಯುವ ಇಂಧನವೊಂದು ನಮ್ಮ ಕರಾವಳಿಗೆ ಬಂದುದು ಒಳಿತೇ ಸರಿ. ಟಾಂಕಿಗಳು ಬೇಡವೆಂಬುದು ನನ್ನ ವಾದವಲ್ಲ.

ಬಹ್ವಂಶ ಮೀಥೇನ್ ಆಗಿರತಕ್ಕ ಈ ಅನಿಲವನ್ನು ಶೂನ್ಯಕ್ಕಿಂತ 162 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೆ ತಣಿಸಿದರೆ, ಅದು ಬಣ್ಣವೂ ವಾಸನೆಯೂ ಇಲ್ಲದ ದ್ರವವಾಗಿ, ಅದರ ಗಾತ್ರವು ಸುಮಾರು 600ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಸಮುದ್ರದ ಮೇಲೆ ಇದನ್ನು ಹೊತ್ತು ತರುವುದು ಸಾಧ್ಯವಾದುದು ಈ ಒಂದು ಗುಣದಿಂದಲೇ. ಆದರೆ ಅಂಥ ಶೈತ್ಯದಲ್ಲಿ ಸಾಧಾರಣ ಉಕ್ಕು ತನ್ನ ಬಾಗುವ ಗುಣವನ್ನೆಲ್ಲ ಕಳೆದುಕೊಂಡು ಭಿದುರವಾಗಿ ಒಡೆದುಬಿಡುತ್ತದೆ. ಆದಕಾರಣ ದ್ರವವನ್ನು ನೇರವಾಗಿ ಹಿಡಿಯುವ ಒಳಪಾತ್ರೆಯನ್ನು ನೂರಕ್ಕೆ 9 ಪಾಲು ನಿಕ್ಕಲ್ ಬೆರೆತ ಉಕ್ಕಿನಿಂದ ಬೆಸೆಯುತ್ತಾರೆ. ಅದರ ಹೊರಗೆ ಸುಮಾರು ಒಂದು ಮೀಟರ್ ಅಂತರ ಬಿಟ್ಟು, ಆ ಅಂತರದಲ್ಲಿ ಉಷ್ಣವನ್ನು ತಡೆಯುವ ಪರ್ಲೈಟ್ ಎಂಬ ಹಗುರ ಪುಡಿಯನ್ನು ತುಂಬಿ, ಸುತ್ತಲೂ ಕಾಂಕ್ರೀಟಿನ ದಪ್ಪಗೋಡೆಯನ್ನೂ ಮೇಲೆ ಕಾಂಕ್ರೀಟಿನ ಗುಮ್ಮಟವನ್ನೂ ಎಬ್ಬಿಸುತ್ತಾರೆ. ಒಳಪಾತ್ರೆಯು ಎಂದಾದರೂ ಸೋರಿತಾದರೆ ಅಷ್ಟೂ ದ್ರವವನ್ನು ಈ ಹೊರಗೋಡೆಯು ಹಿಡಿದು ನಿಲ್ಲಿಸಬೇಕು, ಆವಿಯು ಮನಬಂದಂತೆ ಹೊರಬೀಳದೆ ನಿಯಮಿತ ದ್ವಾರದಿಂದಲೇ ಹೋಗಬೇಕು. ಇದು ಆ ಗೋಡೆಯ ಧರ್ಮ. ಗೋಡೆಯಲ್ಲಿ ಒಂದು ಕೊಳವೆಗಾದರೂ ತೂತಿಲ್ಲ. ತುಂಬುವುದೂ ತೆಗೆಯುವುದೂ ಗುಮ್ಮಟದ ಮೇಲಿನಿಂದಲೇ, ಪಂಪುಗಳನ್ನು ಒಳಗೇ ಇಳಿಸಿ ನಡೆಯುತ್ತದೆ.

ಈಗ ಆ ಗೋಡೆಯ ಮಾತು. ಕಾಂಕ್ರೀಟು ಒತ್ತಡವನ್ನು ಧೀರವಾಗಿ ತಾಳುತ್ತದೆ, ಎಳೆತವನ್ನು ತಾಳಲಾರದು, ಒತ್ತಡದಲ್ಲಿ ಅದಕ್ಕಿರುವ ಬಲದ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಎಳೆತದಲ್ಲಿ ಉಂಟು. ದುಂಡಗಿನ ಪಾತ್ರೆಯಲ್ಲಿ ದ್ರವ ತುಂಬಿದಾಗ ಅದರ ಗೋಡೆಯ ಸುತ್ತಳತೆಯ ಉದ್ದಕ್ಕೆ ಬರುವುದಾದರೋ ಎಳೆತವೇ. 80 ಮೀಟರ್ ವ್ಯಾಸದ ಟಾಂಕಿಯೊಂದರಲ್ಲಿ 35 ಮೀಟರ್ ಆಳದ ದ್ರವವು ಹೊರಗೋಡೆಗೆ ಬಂದು ನಿಂತಿತೆಂದು ಭಾವಿಸಿ ಲೆಕ್ಕ ಹಾಕಿದರೆ, ಆ ದ್ರವದ ಭಾರವು ನೀರಿನ ಭಾರದ ಅರ್ಧಕ್ಕೂ ಕಡಿಮೆಯಾಗಿದ್ದಾಗ್ಯೂ, ಬುಡದ ಬಳಿ ಒಂದೊಂದು ಮೀಟರ್ ಎತ್ತರದ ಗೋಡೆಯ ಪಟ್ಟಿಯನ್ನು ಸೀಳಲು 600 ಟನ್ನಿಗೂ ಮಿಕ್ಕಿದ ಬಲವು ಹವಣಿಸುತ್ತದೆ. ಬರಿಯ ಕಂಬಿ ಹಾಕಿದ ಕಾಂಕ್ರೀಟು ಇಂಥ ಬಲಕ್ಕೆ ಸಿಕ್ಕಿ ಮುರಿದು ಬೀಳದಿರಬಹುದು. ಆದರೆ ಬಿರುಕು ಬಿಡದೆ ಇರದು, ಮತ್ತು ಬಿರುಕು ಬಿಟ್ಟ ಗೋಡೆಯು ದ್ರವವನ್ನು ಹಿಡಿಯುವ ಗೋಡೆಯೆನಿಸದು.

ಇದಕ್ಕೆ ಪರಿಹಾರವೆಂದರೆ, ಎಳೆತವು ಬರುವ ಮೊದಲೇ ಗೋಡೆಯನ್ನು ಅದಕ್ಕಿಂತ ಅಧಿಕವಾದ ಒತ್ತಡದಲ್ಲಿ ಇಟ್ಟುಬಿಡುವುದು. ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಮ್ಮಾರನು ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರೆದಾಗ, ಪಟ್ಟಿಯು ಆರುತ್ತ ಕುಗ್ಗಿ ಮರದ ತುಂಡುಗಳನ್ನೆಲ್ಲ ಒಂದಕ್ಕೊಂದು ಅವುಚಿ ಹಿಡಿಯುವುದನ್ನು ಕಂಡವರಿಗೆ ಈ ತತ್ತ್ವವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಗೋಡೆಯನ್ನು ಎರೆಯುವಾಗಲೇ ಅದರೊಳಗೆ ಸುತ್ತಲೂ ಅಡ್ಡವಾಗಿ, ಮತ್ತು ಬುಡದಿಂದ ತುದಿಗೆ ಲಂಬವಾಗಿ, ಟೊಳ್ಳು ಕೊಳವೆಗಳನ್ನು ಹುದುಗಿಸಿ ಬಿಡುತ್ತಾರೆ. ಕಾಂಕ್ರೀಟು ಗಟ್ಟಿಯಾದ ಬಳಿಕ ಆ ಕೊಳವೆಗಳೊಳಗೆ ಉಕ್ಕಿನ ಎಳೆಗಳನ್ನು ತೂರಿಸುತ್ತಾರೆ. ಒಂದೊಂದು ಎಳೆಯೂ ಏಳು ತಂತಿಗಳನ್ನು ಹೊಸೆದು ಮಾಡಿದ್ದು, ಬೆರಳಿನಷ್ಟು ದಪ್ಪ. ಇಂಥ ಹನ್ನೆರಡೋ ಹತ್ತೊಂಬತ್ತೋ ಎಳೆಗಳು ಕೂಡಿ ಒಂದು ಕೇಬಲ್. ಗೋಡೆಯಿಂದ ಹೊರಚಾಚಿದ ನಾಲ್ಕು ದಪ್ಪ ಕಂಬಗಳಲ್ಲಿ ಎದುರುಬದುರಾದ ಎರಡರ ಬಳಿ ಜ್ಯಾಕುಗಳನ್ನಿಟ್ಟು, ಅರ್ಧವೃತ್ತವನ್ನು ಸುತ್ತಿಬಂದ ಕೇಬಲನ್ನು ಎರಡೂ ತುದಿಗಳಿಂದ ಏಕಕಾಲಕ್ಕೆ ಎಳೆಯುತ್ತಾರೆ. ಒಂದೇ ತುದಿಯಿಂದ ಎಳೆದರೆ ಬಾಗಿನುದ್ದಕ್ಕೂ ಘರ್ಷಣೆಯಲ್ಲಿಯೇ ಬಲದ ದೊಡ್ಡ ಪಾಲು ಸವೆದು ಆಚೆಯ ತುದಿಗೆ ಪೂರ್ಣವಾಗಿ ಮುಟ್ಟದು. ಹತ್ತೊಂಬತ್ತು ಎಳೆಗಳ ಕೇಬಲಿನ ಮೇಲೆ 400 ಟನ್ನಿನ ಆಸುಪಾಸಿನ ಬಲ ಬೀಳುತ್ತದೆ. 120 ಮೀಟರಿಗೂ ಉದ್ದವಾದ ಆ ಉಕ್ಕು ಮುಕ್ಕಾಲು ಮೀಟರಿನಷ್ಟು ಹಿಗ್ಗುತ್ತದೆ. ಬಳಿಕ ಶಂಕುವಿನಾಕಾರದ ಹಲ್ಲುಬೆಣೆಗಳು ಎಳೆಯನ್ನು ಕಚ್ಚಿ ಹಿಡಿಯುತ್ತವೆ, ಜ್ಯಾಕು ಸಡಿಲುತ್ತದೆ, ಉಕ್ಕು ಹಿಂದಕ್ಕೆ ಕುಗ್ಗಲೆಳಸಿ ಗೋಡೆಯನ್ನು ಅವುಚುತ್ತದೆ. ಕಾಂಕ್ರೀಟು ಗಟ್ಟಿಯಾದ ಮೇಲೆ ಎಳೆಯುವುದರಿಂದ ಈ ಕ್ರಮವನ್ನು ಇಂಜಿನಿಯರುಗಳು ಪೋಸ್ಟ್ ಟೆನ್ಷನಿಂಗ್ ಎನ್ನುತ್ತಾರೆ.

ಈ ಕಲೆಯ ಜನಕನೆನಿಸಿದ ಫ್ರಾನ್ಸಿನ ಯೂಜೀನ್ ಫ್ರೆಸಿನೇ ಎಂಬವನು ಸುಮಾರು 1911ರಲ್ಲಿ ಅಲಿಯೇ ನದಿಗೆ ಅಡ್ಡಲಾಗಿ ಕಟ್ಟಿದ ಲೆವೂರ್ದ್ರ್ ಸೇತುವೆಯ ಕಮಾನುಗಳು ಕಟ್ಟಿದ ಕೆಲವು ತಿಂಗಳಲ್ಲಿ ಮೆಲ್ಲಮೆಲ್ಲನೆ ಕುಸಿಯತೊಡಗಿದಾಗ, ಅವುಗಳ ನೆತ್ತಿಗೆ ಜ್ಯಾಕುಗಳನ್ನಿಟ್ಟು ಪುನಃ ಎತ್ತಿ ಉಳಿಸಿಕೊಂಡನು. ಕಾಂಕ್ರೀಟು ದೀರ್ಘಕಾಲದ ಒತ್ತಡಕ್ಕೆ ಒಳಗಾಗಿ ತಾನಾಗಿ ಸಂಕೋಚಗೊಳ್ಳುತ್ತದೆಂಬ ಸತ್ಯವನ್ನು ಅವನು ಆ ಸಂಕಟದಿಂದಲೇ ಕಲಿತನು. ಸಾಧಾರಣ ಕಂಬಿಯನ್ನು ಅಲ್ಪವಾಗಿ ಎಳೆದು ಬಿಟ್ಟರೆ ಈ ಸಂಕೋಚವೇ ಆ ಬಲವನ್ನೆಲ್ಲ ನುಂಗಿಬಿಡುತ್ತದೆ. ಅತಿಬಲವುಳ್ಳ ಉಕ್ಕನ್ನು ಬಹಳವಾಗಿ ಎಳೆದರೆ ಮಾತ್ರ, ಹೋದದ್ದು ಹೋಗಿ, ಕಾರ್ಯಕ್ಕೆ ಸಾಕಾಗುವಷ್ಟು ಉಳಿಯುತ್ತದೆ. 1928ರಲ್ಲಿ ಅವನು ಪಡೆದ ಪೇಟೆಂಟಿನ ಸಾರವು ಇದೇ. ಇಂದು ಪುದುವೈಪಿನಲ್ಲಿ, ತಮಿಳುನಾಡಿನ ಎಣ್ಣೂರಿನಲ್ಲಿ, ಒಡಿಶಾದ ಧಾಮ್ರಾದಲ್ಲಿ ನಿಂತಿರತಕ್ಕ ಟಾಂಕಿಗಳಿಗೆಲ್ಲ ಆ ಅರಿವೇ ಮೂಲ.

ಈ ಕಟ್ಟೋಣದಲ್ಲಿ ನೋಡುವವರ ಮನಸ್ಸನ್ನು ಸೆಳೆಯುವ ದೃಶ್ಯಗಳು ಹಲವುಂಟು. ಕಾಂಕ್ರೀಟು ಗುಮ್ಮಟದ ಒಳಮೈಯಾಗುವ, ನೂರಾರು ಟನ್ ತೂಕದ ಉಕ್ಕಿನ ಮಾಡನ್ನು ಟಾಂಕಿಯ ತಳದಲ್ಲಿಯೇ ಜೋಡಿಸಿ, ಕೆಳಗಿನಿಂದ ಗಾಳಿಯನ್ನು ಊದಿ, ಕೆಲವೇ ಗಂಟೆಗಳಲ್ಲಿ ಅದನ್ನು ಗೋಡೆಯ ನೆತ್ತಿಯವರೆಗೆ ತೇಲಿಸಿ ಏರಿಸುವುದು ಅಂಥದೊಂದು. ಪತ್ರಿಕೆಗಳಲ್ಲಿ ಚಿತ್ರ ಬರುವುದು ಆ ದಿನವೇ. ಆದರೆ ಟಾಂಕಿಯ ಆಯುಷ್ಯವನ್ನು ನಿರ್ಣಯಿಸುವ ಕೆಲಸವು ಯಾವ ಚಿತ್ರದಲ್ಲಿಯೂ ಕಾಣದು. ಕೇಬಲನ್ನು ಎಳೆದು ಬಿಗಿದ ಬಳಿಕ ಕೊಳವೆಯೊಳಗೆ ಉಕ್ಕಿನ ಸುತ್ತ ಉಳಿದಿರುವ ಟೊಳ್ಳಿಗೆ ಸಿಮೆಂಟಿನ ತೆಳುಪಾಕವನ್ನು ಪಂಪಿನಿಂದ ತುಂಬುತ್ತಾರೆ. ಇದಕ್ಕೆ ಗ್ರೌಟಿಂಗ್ ಎಂದು ಹೆಸರು. ಪಾಕವು ತೀರ ನೀರಾಗಿರಬಾರದು, ತೀರ ಮಂದವಾಗಿಯೂ ಇರಬಾರದು. ಆದುದರಿಂದ ತುಂಬುವ ಮೊದಲು ಒಂದು ಲಾಳಿಕೆಯಲ್ಲಿ ಅಳತೆಯಷ್ಟು ಪಾಕವನ್ನು ಸುರಿದು, ಅದು ಇಳಿದು ಮುಗಿಯಲು ಎಷ್ಟು ಸೆಕೆಂಡು ಹಿಡಿಯಿತೆಂದು ಗಡಿಯಾರ ಹಿಡಿದು ನೋಡುತ್ತಾರೆ. ಬಿಸಿಲೇರಿದರೆ ಪಾಕವು ಬೇಗನೆ ಹೆಪ್ಪುಗಟ್ಟುವುದರಿಂದ ಬೆಳಗಿನ ಜಾವದಲ್ಲಿಯೋ ರಾತ್ರಿಯಲ್ಲಿಯೋ ಈ ಕೆಲಸ. ಕೇಬಲಿನ ಒಂದು ತುದಿಯಲ್ಲಿ ಪಂಪು. ನಡುನಡುವೆ ಗಾಳಿ ಹೊರಡಲು ಬಿಟ್ಟ ಸಣ್ಣ ನಳಿಗೆಗಳು. ಒಂದೊಂದು ನಳಿಗೆಯ ಬಳಿಯಲ್ಲಿಯೂ ಒಬ್ಬ ಕೆಲಸಗಾರ. ಮೊದಲು ಬುಸುಗುಟ್ಟುತ್ತ ಗಾಳಿ ಬರುತ್ತದೆ, ಆಮೇಲೆ ತಿಳಿನೀರು, ಆಮೇಲೆ ನೊರೆಗೂಡಿದ ಬಿಳಿಚು ಪಾಕ. ಕೊನೆಗೆ, ಪಂಪಿನ ಬಾಯಲ್ಲಿ ಹೊಕ್ಕಷ್ಟೇ ಸಾಂದ್ರವಾಗಿ, ಗುಳ್ಳೆಯಿಲ್ಲದೆ, ನಿಡಿದಾಗಿ ಹರಿದುಬಂದಾಗ ಮಾತ್ರ ಅವನು ನಳಿಗೆಯ ಬಾಯಿ ಮುಚ್ಚಬೇಕು. ಬೇಸರದಿಂದಲೋ ಮೇಸ್ತ್ರಿಯ ಅವಸರದಿಂದಲೋ ಒಂದು ನಿಮಿಷ ಮೊದಲೇ ಮುಚ್ಚಿದರೆ ಒಳಗೆ ಒಂದು ಗಾಳಿಯ ಪೊಳ್ಳು ಉಳಿಯುತ್ತದೆ. ಆ ಪೊಳ್ಳು ಯಾರ ಕಣ್ಣಿಗೂ ಬೀಳದು. ಮುಂದೆ ಅದನ್ನು ತೆರೆದು ನೋಡುವಂತೆಯೂ ಇಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಉಪ್ಪುಗಾಳಿ ಎಡೆಬಿಡದೆ ಬೀಸುವ ನಮ್ಮ ಕರಾವಳಿಯಲ್ಲಿ, ಅಂಥ ಪೊಳ್ಳಿನೊಳಗೆ ನಗ್ನವಾಗಿ ಉಳಿದ ಉಕ್ಕಿನ ಎಳೆಗೆ ತುಕ್ಕು ಹಿಡಿಯುವುದು ಕಾಲದ ಪ್ರಶ್ನೆ ಮಾತ್ರ.

ಇದು ಕಲ್ಪನೆಯ ಭಯವಲ್ಲ. ಗೋವೆಯ ಪಣಜಿಯಲ್ಲಿ ಮಾಂಡೋವಿ ನದಿಯ ಮೇಲಿದ್ದ ಸೇತುವೆಯು ಇದೇ ತತ್ತ್ವದಿಂದ, ಎಳೆದ ಕೇಬಲುಗಳ ಬಲದಿಂದ ನಿಂತಿತ್ತು. ಎರಡು ದಶಕವೂ ತುಂಬುವ ಮೊದಲೇ, 1986ರ ಜುಲೈ 5ರಂದು, ಅದು ನದಿಗೆ ಕುಸಿದುಬಿತ್ತು. ಕಡಲಿನ ಉಪ್ಪಿಗೆ ಸಿಕ್ಕಿ ಸವೆದ ಕೇಬಲುಗಳೇ ಅದರ ಅವಸಾನಕ್ಕೆ ಕಾರಣವಾದುವು. ಅದಕ್ಕೆ ಕೆಲವೇ ತಿಂಗಳ ಮೊದಲು, 1985ರ ಡಿಸೆಂಬರಿನಲ್ಲಿ, ವೇಲ್ಸ್ ದೇಶದ ಇನಿಸಿಗ್ವಾಸ್ ಎಂಬ ಸಣ್ಣ ಸೇತುವೆಯು ಮೇಲೆ ಯಾವ ವಾಹನವೂ ಇಲ್ಲದಿರುವಾಗ, ಮುನ್ಸೂಚನೆಯೇ ಇಲ್ಲದೆ ಬಿತ್ತು. ಅಲ್ಲಿಯೂ ತುಕ್ಕು ಹಿಡಿದ ಕೇಬಲುಗಳೇ ಕಾರಣ. ಬ್ರಿಟನ್ನಿನ ಸರಕಾರವು ಇದನ್ನು ಎಷ್ಟು ಗಂಭೀರವಾಗಿ ಎಣಿಸಿತೆಂದರೆ, ಇಂಥ ಗ್ರೌಟು ತುಂಬಿದ ಕೇಬಲುಗಳ ಹೊಸ ಸೇತುವೆಗಳನ್ನು ಕಟ್ಟುವುದನ್ನೇ 1992ರಲ್ಲಿ ನಿಲ್ಲಿಸಿ, ನಿಯಮಗಳನ್ನು ಬಿಗಿಪಡಿಸಿದ ನಂತರ 1996ರಲ್ಲಿ ಪುನಃ ಅನುಮತಿಯಿತ್ತಿತು. ಕಣ್ಣಿಗೆ ಕಾಣದ ಒಂದು ಕೆಲಸದ ಮೇಲಣ ವಿಶ್ವಾಸವನ್ನು ಪುನಃ ಸಂಪಾದಿಸಲು ನಾಲ್ಕು ವರ್ಷಗಳ ಶ್ರಮ ಬೇಕಾಯಿತು.

ನಮ್ಮ ಕನ್ನಡನಾಡಿನಲ್ಲಿಯೇ ಇದಕ್ಕಿಂತಲೂ ಹತ್ತಿರದ ನಿದರ್ಶನವುಂಟು. ಉತ್ತರ ಕನ್ನಡದ ಕೈಗಾದಲ್ಲಿ ಅಣುವಿದ್ಯುತ್ ಸ್ಥಾವರವನ್ನು ಕಟ್ಟುತ್ತಿದ್ದಾಗ, 1994ರ ಮೇ 13ರಂದು, ಮೊದಲನೆಯ ಘಟಕದ ಒಳಗುಮ್ಮಟದ ಕೆಳಪದರವು ಕಳಚಿ, ನೂರು ಟನ್ನಿಗೂ ಹೆಚ್ಚು ಕಾಂಕ್ರೀಟು ಕೆಳಗೆ ಬಿತ್ತು. ಪರಮಾಣು ಇಂಧನವನ್ನು ಇನ್ನೂ ತುಂಬಿರಲಿಲ್ಲವಾದುದರಿಂದ ಮಹಾವಿಪತ್ತು ತಪ್ಪಿತು. ಆ ಗುಮ್ಮಟವೂ ಕೇಬಲು ಎಳೆದು ಒತ್ತಡದಲ್ಲಿಟ್ಟ ಕಾಂಕ್ರೀಟಿನದೇ. ಅದರ ವಿಫಲತೆಯ ಕಾರಣವು ಟಾಂಕಿ ಕಟ್ಟುವವರೂ ತಿಳಿಯಬೇಕಾದುದು. ಬಾಗಿದ ಮೈಯೊಳಗೆ ಕೇಬಲನ್ನು ಎಳೆದಾಗ ಅದು ಬಾಗಿನ ಒಳಮುಖಕ್ಕೆ ಒತ್ತುತ್ತದೆ. ಅದರ ಮೇಲ್ಗಡೆಯ ಕಾಂಕ್ರೀಟು ಹೊರಮುಖಕ್ಕೆ ಸರಿಯಲೆಳಸುತ್ತದೆ. ಇವೆರಡರ ನಡುವೆ ಗುಮ್ಮಟದ ದಪ್ಪವನ್ನೇ ಪದರ ಪದರವಾಗಿ ಬಿಡಿಸುವ ಎಳೆತ ಹುಟ್ಟುತ್ತದೆ, ಮತ್ತು ಆ ದಿಕ್ಕಿನಲ್ಲಿ ಪದರಗಳನ್ನು ಹೊಲಿದಂತೆ ಹಿಡಿಯುವ ಕಂಬಿಗಳು ಸಾಕಷ್ಟಿರಬೇಕು. ಅವು ಸಾಕಷ್ಟಿರಲಿಲ್ಲ. ಸುತ್ತುಗಟ್ಟಿ ಒತ್ತುವ ಬಲವನ್ನೆಲ್ಲ ಎಣಿಸಿದವರ ಲೆಕ್ಕದಿಂದ ದಪ್ಪವನ್ನು ಸೀಳುವ ಆ ಅಡ್ಡಬಲವು ಜಾರಿಹೋಗಿತ್ತು. ಕಾರಣವನ್ನು ಶೋಧಿಸಿ, ವಿನ್ಯಾಸವನ್ನು ಬದಲಿಸಿ, ಹೆಚ್ಚಿನ ಬಲದ ಕಾಂಕ್ರೀಟಿನಿಂದ ಗುಮ್ಮಟವನ್ನು ಪುನಃ ಕಟ್ಟಿ, 2000ನೆಯ ಇಸವಿಯಲ್ಲಿ ಆ ಸ್ಥಾವರವು ವಿದ್ಯುತ್ತನ್ನು ಕೊಡತೊಡಗಿತು. ಶೋಧನೆಯ ಫಲವು ಇಂಜಿನಿಯರುಗಳ ಪ್ರಬಂಧಗಳಲ್ಲಿ ಪ್ರಕಟವಾಗಿ ಅವರಿಗೆ ಪಾಠವಾಯಿತು, ಅದು ಶ್ಲಾಘ್ಯ. ಆದರೆ ಅದೇ ಪಾಠವು ಕೈಗಾದ ಸುತ್ತಣ ಕಾಳಿ ನದಿಯ ದಡದ ಹಳ್ಳಿಗಳಿಗೆ, ಅಲ್ಲಿಯವರು ಆಡುವ ನುಡಿಯಲ್ಲಿ, ಅಷ್ಟೇ ಸ್ಪಷ್ಟವಾಗಿ ಮುಟ್ಟಬೇಕಾಗಿತ್ತೆಂದು ನನಗೆ ತೋರುತ್ತದೆ.

ಅನಿಲದ ಟಾಂಕಿಗಳ ಚರಿತ್ರೆಯಲ್ಲಿಯೂ ಎರಡು ದಿನಾಂಕಗಳು ಮರೆಯತಕ್ಕವಲ್ಲ. 1944ರ ಅಕ್ಟೋಬರ್ 20ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ, ನಿಕ್ಕಲ್ ಅಂಶವು ಕಡಿಮೆಯಿದ್ದ ಉಕ್ಕಿನ ಟಾಂಕಿಯು ಒಡೆದು, ದ್ರವವು ಬೀದಿಗೂ ಚರಂಡಿಗೂ ಹರಿದು ಹೊತ್ತಿಕೊಂಡು, ಸುಮಾರು 130 ಜನ ಮಡಿದರು. ಹೊರಗೋಡೆಯೊಂದು ಏಕೆ ಬೇಕೆಂಬುದಕ್ಕೆ ಅದಕ್ಕಿಂತ ಕಠೋರವಾದ ಉತ್ತರ ಬೇಡ. 1973ರ ಫೆಬ್ರವರಿ 10ರಂದು ನ್ಯೂಯಾರ್ಕಿನ ಸ್ಟೇಟನ್ ದ್ವೀಪದಲ್ಲಿ, ದುರಸ್ತಿಗಾಗಿ ಬರಿದು ಮಾಡಿದ್ದ ಕಾಂಕ್ರೀಟಿನ ಟಾಂಕಿಯೊಂದರಲ್ಲಿ ಒಳಪೊರೆಗೆ ಬೆಂಕಿ ತಗಲಿ, ಗುಮ್ಮಟವು ಮೇಲೆದ್ದು ಮರಳಿ ಕುಸಿದು, ಒಳಗಿದ್ದ 40 ಕೆಲಸಗಾರರು ಅಸುನೀಗಿದರು. ಅಂದು ಟಾಂಕಿಯಲ್ಲಿ ಶೇಖರಿಸಿದ ದ್ರವವಿರಲಿಲ್ಲ, ಇದ್ದವರು ಕೂಲಿಯವರು. ನಮ್ಮ ಸೀಮೆಯ ಎಷ್ಟೋ ಮನೆಗಳ ಮಕ್ಕಳು ಗಲ್ಫಿನ ರಾಷ್ಟ್ರಗಳಲ್ಲಿ ಸೆಂಟ್ರಿಂಗಿನವರಾಗಿ, ಕಂಬಿ ಕಟ್ಟುವವರಾಗಿ, ವೆಲ್ಡರುಗಳಾಗಿ ದುಡಿಯುವವರಾದುದರಿಂದ, ಈ ಸಂಖ್ಯೆಯು ನಮಗೆ ಬರಿಯ ಸಂಖ್ಯೆಯಾಗಿ ಉಳಿಯಲಾರದು.

ಈಗ ನಾನು ಹೇಳಬೇಕೆಂದಿರುವ ಮಾತಿಗೆ ಬರುತ್ತೇನೆ. ಇಂಥ ದೊಡ್ಡ ಯೋಜನೆಗಳ ವಿಷಯದಲ್ಲಿ ಜನರ ಅಹವಾಲನ್ನು ಕೇಳಬೇಕೆಂಬ ವಿಧಿಯು ನಮ್ಮ ದೇಶದಲ್ಲಿ ಉಂಟು. ಕೇಂದ್ರ ಸರಕಾರದ 2006ರ ಸೆಪ್ಟೆಂಬರ್ 14ರ ಅಧಿಸೂಚನೆಯು ಪರಿಸರದ ಮೇಲಣ ಪರಿಣಾಮದ ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲಿಯೂ ಒದಗಿಸಬೇಕೆಂದು ಹೇಳುತ್ತದೆ. ಒಳ್ಳೆಯ ವಿಧಿ. ಆದರೆ ಅದು ನಡೆಯುವುದು ಯಾವಾಗ? ಮೊದಲ ಗುದ್ದಲಿ ಬೀಳುವುದಕ್ಕೂ ಮುಂಚೆ, ಟಾಂಕಿಯು ಕಾಗದದ ಮೇಲೆ ಇರುವಾಗ. ಕಾಗದದ ಮೇಲಿನ ಟಾಂಕಿಗೆ ಪೊಳ್ಳು ಗ್ರೌಟಿಲ್ಲ, ಅಳತೆಗೆ ಮೀರಿ ಹಿಗ್ಗಿದ ಕೇಬಲಿಲ್ಲ, ಮಳೆಯಲ್ಲಿ ಎರೆದ ಕಾಂಕ್ರೀಟಿಲ್ಲ. ದೋಷವು ಹುಟ್ಟುವುದು ಅನಂತರದ ಮೂರುನಾಲ್ಕು ವರ್ಷಗಳಲ್ಲಿ, ಬೇಲಿಯ ಒಳಗೆ. ಆ ಅವಧಿಯಲ್ಲಿ ಜನರನ್ನು ಕರೆದು ಕೇಳುವ ಸಭೆಯಿಲ್ಲ. ಪ್ರಶ್ನೆಗೆ ಉತ್ತರವೇ ಇರದ ಕಾಲದಲ್ಲಿ ಜನರನ್ನು ಕರೆದು ಕೇಳಿ, ಉತ್ತರವೆಲ್ಲ ಬರಹದಲ್ಲಿ ಸಿದ್ಧವಾಗಿರುವ ಕಾಲದಲ್ಲಿ ಬಾಗಿಲು ಮುಚ್ಚುವ ಈ ಕ್ರಮವನ್ನು ತಿದ್ದಬೇಕೆಂಬುದೇ ನನ್ನ ಪ್ರಾರ್ಥನೆ.

ಉತ್ತರವು ಬರಹದಲ್ಲಿ ಸಿದ್ಧವಾಗಿರುತ್ತದೆಂದು ನಾನು ಹೇಳಿದುದು ಅಲಂಕಾರಕ್ಕಲ್ಲ. ಒಂದೊಂದು ಕೇಬಲನ್ನು ಎಳೆದಾಗಲೂ ಜ್ಯಾಕಿನ ಒತ್ತಡವನ್ನೂ ಉಕ್ಕಿನ ಹಿಗ್ಗುವಿಕೆಯನ್ನೂ ಬರೆದಿಡುತ್ತಾರೆ. ಲೆಕ್ಕದ ಹಿಗ್ಗುವಿಕೆಗೂ ಕಂಡ ಹಿಗ್ಗುವಿಕೆಗೂ ಗೊತ್ತುಪಡಿಸಿದ ಮಿತಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಕೆಲಸ ನಿಲ್ಲಿಸಿ ಕಾರಣ ಹುಡುಕಬೇಕು. ಒಂದೊಂದು ಕೊಳವೆಗೂ ಎಷ್ಟು ಪಾಕ ಹಿಡಿಸಿತು, ಎಳೆದ ಎಷ್ಟು ದಿನಗಳ ಬಳಿಕ ತುಂಬಿದರು, ಯಾವ ನಳಿಗೆಯಿಂದ ಪಾಕ ಬರಲಿಲ್ಲ ಎಂಬುದೂ ಬರಹಕ್ಕೆ ಬರುತ್ತದೆ. ಕೊಳವೆಯ ಟೊಳ್ಳಿನ ಅಳತೆಯು ಗೊತ್ತಿರುವುದರಿಂದ, ಹಿಡಿಸಿದ ಪಾಕವು ಅದಕ್ಕಿಂತ ಕಡಿಮೆಯಾಗಿದ್ದರೆ ಒಳಗೆ ಪೊಳ್ಳಿದೆಯೆಂದು ಪ್ರೌಢಶಾಲೆಯ ಗಣಿತ ಬಲ್ಲವನೂ ಹೇಳಬಲ್ಲನು. ಕಟ್ಟುವುದೆಲ್ಲ ಮುಗಿದ ಮೇಲೆ ಒಳಪಾತ್ರೆಗೆ ನೀರು ತುಂಬಿ, ದ್ರವದ ಭಾರಕ್ಕಿಂತ ಹೆಚ್ಚಿನ ಭಾರವನ್ನು ಹೊರಿಸಿ, ತಳವು ಎಷ್ಟೆಷ್ಟು ಕುಸಿಯಿತೆಂದು ಸುತ್ತಲೂ ಅಳೆಯುತ್ತಾರೆ. ಗಾಳಿಯನ್ನು ತುಂಬಿ ಮಾಡಿನ ಬಿಗಿಯನ್ನು ಪರೀಕ್ಷಿಸುತ್ತಾರೆ. ಸಾರಜನಕದಿಂದ ಒಳಗನ್ನು ಶುದ್ಧಗೊಳಿಸುತ್ತಾರೆ. ಆಮೇಲೆ ಗಂಟೆಗೆ ಕೆಲವೇ ಡಿಗ್ರಿಗಳಂತೆ, ದಿನಗಟ್ಟಲೆ ತಾಳ್ಮೆಯಿಂದ ತಣಿಸಿ ಮೊದಲ ದ್ರವವನ್ನು ಬಿಡುತ್ತಾರೆ. ನೀರಿನ ಪರೀಕ್ಷೆಗೂ ಈ ತಣಿಸುವಿಕೆಗೂ ನಡುವೆ ಒಂದು ಸಹಜವಾದ ವಿರಾಮವಿದೆ. ಎರಡನೆಯ ಅಹವಾಲು ಸಭೆಯೊಂದು ಆ ವಿರಾಮದಲ್ಲಿ ನಡೆಯಲಿ. ಎಳೆತದ ಲೆಕ್ಕ, ಗ್ರೌಟಿನ ಲೆಕ್ಕ, ತಳದ ಕುಸಿತದ ಲೆಕ್ಕ, ಈ ಮೂರನ್ನು ಅಲ್ಲಿ ಮುಂದಿಡಲಿ. ಕಂಪೆನಿಗೂ ಗುತ್ತಿಗೆದಾರನಿಗೂ ಸೇರದ ಇಂಜಿನಿಯರನೊಬ್ಬನು, ಸುರತ್ಕಲ್ಲಿನ ಎನ್‌ಐಟಿಕೆಯಂಥ ಸಂಸ್ಥೆಯಿಂದ ಬಂದವನು, ಅವುಗಳನ್ನು ಓದಿ ತನ್ನ ಅಭಿಪ್ರಾಯವನ್ನು ಜನರೆದುರು ಹೇಳಲಿ.

ಲೆಕ್ಕವನ್ನು ಬರೆದಿಡುವುದರ ಮಹಿಮೆಯನ್ನು ಮುಳಿಯಾರು ಪಂಚಾಯತಿನವರಾದ ನಮಗೆ ಹೊರಗಿನವರು ಬೋಧಿಸಬೇಕಾಗಿಲ್ಲ. ಇಲ್ಲಿಯ ಗೇರುತೋಪುಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸಿಂಪಡಿಸಿದಾಗ, ಅದು ನಿರಪಾಯಕರವೆಂಬ ಭರವಸೆ ಯಥೇಚ್ಛವಾಗಿ ದೊರೆಯಿತು. ತೋರಿಸತಕ್ಕ ಲೆಕ್ಕ ದೊರೆಯಲಿಲ್ಲ. ಅದರಿಂದ ಜನರು ರೋಗಕ್ಕೀಡಾಗುತ್ತಿದ್ದಾರೆಂಬ ಸತ್ಯವು ಕೊನೆಗೆ ಹೊರಬಂದುದು ಎಣ್ಮಕಜೆಯ ವಾಣಿನಗರದಲ್ಲಿ ವೃತ್ತಿ ನಡೆಸುತ್ತಿದ್ದ ಡಾ. ವೈ. ಎಸ್. ಮೋಹನಕುಮಾರರು ತಮ್ಮ ರೋಗಿಗಳ ಮನೆತನ, ಬೇನೆ, ನೀರಿನ ಆಸರೆ ಇವುಗಳನ್ನು ಗಮನಿಸಿ ಕೂಡಿಸಿನೋಡಿದ್ದರಿಂದ, ಪತ್ರಕರ್ತರಾದ ಶ್ರೀ ಪಡ್ರೆಯವರಂಥವರು ಅದನ್ನು ಬಿಡದೆ ಬರೆದುದರಿಂದ. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶಾದ್ಯಂತ ತಡೆಯಿತು. ಪರಿಹಾರಕ್ಕಾಗಿ ಬಾಧಿತ ಮಕ್ಕಳ ತಾಯಂದಿರು ಆಮೇಲೆಯೂ ಬೀದಿಯಲ್ಲಿ ಕುಳಿತರು. ಇಲ್ಲಿಯವರು ಯೋಜನೆಯೊಂದರ ಹೆಸರು ಕೇಳಿದೊಡನೆ ಸಂಶಯಪಟ್ಟರೆ ಅದನ್ನು ಅಜ್ಞಾನವೆಂದು ತಳ್ಳಿಹಾಕುವವರು, ಆ ಸಂಶಯವು ಎಷ್ಟು ಬೆಲೆ ತೆತ್ತು ಗಳಿಸಿದ್ದೆಂಬುದನ್ನು ಅರಿಯರು.

ಇಂಥ ದಾಖಲೆಗಳು ಬಹಿರಂಗವಾದರೆ ವ್ಯಾಪಾರದ ಗುಟ್ಟು ಹೋಗುವುದೆಂದೂ, ದುಷ್ಟರ ಕೈಗೆ ಆಯುಧವಾಗುವುದೆಂದೂ ಆಕ್ಷೇಪ ಬರುವುದು. ನಿಯಂತ್ರಣ ಕೊಠಡಿಯ ನಕ್ಷೆಯನ್ನಾಗಲಿ ಕಾವಲಿನ ವ್ಯವಸ್ಥೆಯನ್ನಾಗಲಿ ಯಾರೂ ಕೇಳುತ್ತಿಲ್ಲ. ಸಿಮೆಂಟಿನ ಪಾಕವು ಕೊಳವೆಯನ್ನು ತುಂಬಿತೇ ಎಂಬುದರಲ್ಲಿ ಗುಟ್ಟೇನಿದೆ? ತುಂಬಿದ್ದರೆ ಹೇಳುವುದಕ್ಕೆ ಸಂಕೋಚವಿಲ್ಲ. ತುಂಬದಿದ್ದರೆ ಮುಚ್ಚಿಡುವುದಕ್ಕೆ ಅಧಿಕಾರವಿಲ್ಲ. ಸಾಮಾನ್ಯ ಜನರಿಗೆ ಅಂಕಿಅಂಶ ಅರ್ಥವಾಗದೆಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪಲಾರೆ. ಗುಡ್ಡದ ಹೊಟ್ಟೆಯೊಳಗೆ ಸುರಂಗ ಕೊರೆದು, ಎಷ್ಟು ಕೋಲು ಹೋದರೆ ನೀರು ಸಿಗುವುದು, ಎಲ್ಲಿ ಮಣ್ಣು ಕುಸಿಯುವುದು ಎಂಬುದನ್ನು ಕೈಯ ಮುಟ್ಟುವಿಕೆಯಿಂದ ಹೇಳಬಲ್ಲ ಜನ ಇವರು. ಕೇಬಲಿನ ಹಿಗ್ಗುವಿಕೆಯ ಪಟ್ಟಿಯನ್ನು ಅವರವರ ನುಡಿಯಲ್ಲಿ ಮುಂದಿಟ್ಟರೆ ಓದಿಕೊಳ್ಳುತ್ತಾರೆ. ಅವರವರ ನುಡಿಯೆಂಬುದನ್ನು ಒತ್ತಿ ಹೇಳುತ್ತೇನೆ. ಏಕೆಂದರೆ ಕಾಸರಗೋಡಿನ ಕನ್ನಡಿಗರು ಸರಕಾರವೇ ಅಂಗೀಕರಿಸಿದ ಭಾಷಾ ಅಲ್ಪಸಂಖ್ಯಾತರಾಗಿದ್ದರೂ, ಇಂಗ್ಲಿಷು ಮತ್ತು ಮಲಯಾಳಂ ಎರಡರಲ್ಲಿ ಮಾತ್ರ ಅಚ್ಚಾದ ಕಾಗದವು ಇಲ್ಲಿಯ ಅನೇಕ ಹಿರಿಯರಿಗೆ ಅಚ್ಚಾಗದ ಕಾಗದಕ್ಕೆ ಸಮವೇ.

ನವಮಂಗಳೂರು ಬಂದರಿನ ಬಳಿ ದ್ರವೀಕೃತ ಅನಿಲದ ನಿಲ್ದಾಣವೊಂದು ಬೇಕೆಂಬ ಮಾತು ಆಗಾಗ ಕೇಳಿಬಂದಿದೆ. ಅದು ಎಂದಾದರೂ ಕೈಗೂಡಿದರೆ, ಬೋವಿಕಾನದಿಂದ ಮಂಗಳೂರಿಗೆ ದಿನವೂ ಆಸ್ಪತ್ರೆಗೂ ಕಾಲೇಜಿಗೂ ಹೋಗಿಬರುವ ನಮಗೆ ಆ ಟಾಂಕಿಯು ಪುದುವೈಪಿನಷ್ಟು ದೂರದ್ದಾಗಿ ಉಳಿಯದು. ಮೊದಲ ಅಹವಾಲು ಸಭೆಯಲ್ಲಿಯೇ, ಎರಡನೆಯ ಸಭೆಯ ತಿಂಗಳನ್ನೂ ಅದರಲ್ಲಿ ಮುಂದಿಡತಕ್ಕ ದಾಖಲೆಗಳ ಪಟ್ಟಿಯನ್ನೂ ಅನುಮತಿಯ ಷರತ್ತಾಗಿ ಬರೆಸಿಕೊಳ್ಳುವಂತೆ ದಕ್ಷಿಣ ಕನ್ನಡದ ಜನಪ್ರತಿನಿಧಿಗಳೂ ನಮ್ಮ ಪಂಚಾಯತುಗಳೂ ಕೂಡಿ ಒತ್ತಾಯಿಸಬೇಕು. ಪೆಟ್ರೋನೆಟ್ ಸಂಸ್ಥೆಯು ಅಷ್ಟರವರೆಗೆ ಕಾಯದೆ, ಈಗಾಗಲೇ ನಿಂತಿರುವ ಪುದುವೈಪಿನ ಎರಡು ಟಾಂಕಿಗಳ ಲೆಕ್ಕವನ್ನು ಮಲಯಾಳದಲ್ಲಿಯೂ ಕನ್ನಡದಲ್ಲಿಯೂ ಪ್ರಕಟಿಸಲು ಮುಂದಾದರೆ, ಕೊಳವೆಯು ಹಾದುಹೋದ ಪ್ರತಿಯೊಂದು ಪಂಚಾಯತಿನ ವಾಚನಾಲಯದಲ್ಲಿ ಅದಕ್ಕೆ ಓದುಗರು ದೊರೆಯುತ್ತಾರೆ.